ಉಗುರುಬೆಚ್ಚಗೆ ಅಂದರೆ ಎಷ್ಟು ಡಿಗ್ರಿ?

"ನೀರು ಉಗುರುಬೆಚ್ಚಗಿದ್ದರೆ ಸಾಕು" ಅಂದಿದ್ದೆ ಅಷ್ಟೆ. ಪಕ್ಕದಲ್ಲಿದ್ದ ಏಳು ವರ್ಷದ ಹುಡುಗಿ ತನ್ನ ಹೆಬ್ಬೆರಳಿನ ಉಗುರನ್ನೇ ದಿಟ್ಟಿಸಿ ನೋಡಿ, "ಉಗುರಿಗೆ ಬಿಸಿ ಗೊತ್ತಾಗುತ್ತಾ?" ಅಂತ ಕೇಳಿದಳು. ಗೊತ್ತಾಗುವುದಿಲ್ಲ. ಉಗುರಿನಲ್ಲಿ ನರಗಳಿಲ್ಲ, ಅದಕ್ಕೇ ಕತ್ತರಿಸಿದರೂ ನೋಯುವುದಿಲ್ಲ. ಬಿಸಿ ತಿಳಿಯುವುದು ಅದರ ಕೆಳಗಿನ ಚರ್ಮಕ್ಕೆ. "ಮತ್ತೆ ಉಗುರುಬೆಚ್ಚಗೆ ಅಂದರೆ ಎಷ್ಟು?" ಎಂಬ ಎರಡನೇ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ನನ್ನ ಉಗುರುಬೆಚ್ಚಗೆ ಅವಳಿಗೆ ಬಿಸಿಯಾಗಿರಬಹುದು, ಅವಳ ಅಜ್ಜಿಗೆ ತಣ್ಣಗಿರಬಹುದು.

ಮಕ್ಕಳಿಗೆ ತಾಪಮಾನದ ಪಾಠ ಶುರುವಾಗಬೇಕಾದದ್ದು ಇಂಥ ಜಗಳದಿಂದಲೇ. ಸೆಲ್ಸಿಯಸ್ಸು, ಫ್ಯಾರನ್‌ಹೀಟು, ಗುಣಿಸು, ಕೂಡಿಸು ಎಂದು ಸೂತ್ರದಿಂದ ಶುರುಮಾಡಿದರೆ ಲೆಕ್ಕ ಬರುತ್ತದೆ, ತಾಪಮಾನ ಅರ್ಥವಾಗುವುದಿಲ್ಲ. ಇಷ್ಟು ಚೆನ್ನಾಗಿ ಬಿಸಿ ತಣ್ಣಗು ತಿಳಿಯುವ ಕೈ ಇರುವಾಗ ಗಾಜಿನ ಕೊಳವೆ ಯಾಕೆ ಬೇಕಾಯಿತು ಎಂಬುದು ಮೊದಲು ಗೊತ್ತಾಗಬೇಕು.

ಅದಕ್ಕೆ ಮೂರು ಬೋಗುಣಿ ಸಾಕು. ಒಂದರಲ್ಲಿ ಐಸ್ ಹಾಕಿದ ನೀರು, ಇನ್ನೊಂದರಲ್ಲಿ ಕೈ ಆರಾಮಾಗಿ ತಡೆಯುವಷ್ಟು ಬಿಸಿ (40 ಡಿಗ್ರಿ ಸೆಲ್ಸಿಯಸ್ ದಾಟದಂತೆ ದೊಡ್ಡವರು ನೋಡಿಕೊಳ್ಳಬೇಕು), ನಡುವಿನದರಲ್ಲಿ ಸುಮ್ಮನೆ ನಲ್ಲಿ ನೀರು. ಮಗು ಎಡಗೈಯನ್ನು ತಣ್ಣೀರಿನಲ್ಲೂ ಬಲಗೈಯನ್ನು ಬಿಸಿನೀರಿನಲ್ಲೂ ಒಂದು ನಿಮಿಷ ಇಟ್ಟು, ಆಮೇಲೆ ಎರಡನ್ನೂ ಒಟ್ಟಿಗೆ ನಡುವಿನ ಬೋಗುಣಿಗೆ ಅದ್ದಲಿ. ಆಗ ಅದರ ಮುಖ ನೋಡಬೇಕು. ಎಡಗೈ ಬಿಸಿ ಅನ್ನುತ್ತದೆ, ಬಲಗೈ ತಣ್ಣಗೆ ಅನ್ನುತ್ತದೆ. ನೀರು ಒಂದೇ, ಮಗುವೂ ಒಂದೇ. 17ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಇದೇ ಉದಾಹರಣೆ ಕೊಟ್ಟು, ಬಿಸಿ ತಣ್ಣಗು ಎಂಬ ಅನುಭವ ನೀರಿನೊಳಗೇ ಇರುವ ಗುಣವಲ್ಲ ಎಂದು ವಾದಿಸಿದ್ದ. ಮಕ್ಕಳಿಗೆ ಅಷ್ಟು ತತ್ವ ಬೇಡ. ತನ್ನದೇ ಎರಡು ಕೈಗಳು ಎರಡು ಸಾಕ್ಷಿ ಹೇಳಿದವು ಎಂಬುದೇ ಅವರಿಗೆ ಸಾಕಷ್ಟು ದೊಡ್ಡ ಸುದ್ದಿ.

ಕೈ ಸುಳ್ಳು ಹೇಳುತ್ತದೆ ಅಂದರೂ ಪೂರ್ತಿ ಸರಿಯಲ್ಲ. ಕೈ ಬೇರೆಯದೇ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತದೆ. ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಇದ್ದ ಕಬ್ಬಿಣದ ಸರಳನ್ನೂ ಮರದ ಹಲಗೆಯನ್ನೂ ಬೆಳಗ್ಗೆ ಮುಟ್ಟಿಸಿ ನೋಡಿ. ಕಬ್ಬಿಣ ತಣ್ಣಗೆ, ಮರ ಅಷ್ಟಿಲ್ಲ. ಅಳೆದರೆ ಎರಡೂ 25 ಡಿಗ್ರಿ. ನಮ್ಮ ಅಂಗೈ ಚರ್ಮ ಸಾಮಾನ್ಯವಾಗಿ ಅದಕ್ಕಿಂತ ಬೆಚ್ಚಗಿರುತ್ತದೆ. ಕಬ್ಬಿಣ ಕೈಯಿಂದ ಶಾಖವನ್ನು ಸರಸರನೆ ಎಳೆದುಕೊಳ್ಳುತ್ತದೆ, ಮರ ನಿಧಾನವಾಗಿ. ಚರ್ಮಕ್ಕೆ ಗೊತ್ತಾಗುವುದು ತನ್ನಿಂದ ಶಾಖ ಎಷ್ಟು ವೇಗದಲ್ಲಿ ಹೋಗುತ್ತಿದೆ, ಅಥವಾ ಬರುತ್ತಿದೆ ಎಂಬುದು. ಸುಡುಬಿಸಿಲಿನಲ್ಲಿಟ್ಟ ಅವೆರಡನ್ನೇ ಮುಟ್ಟಿದರೆ ಕಥೆ ತಿರುವುಮುರುವು: ಈಗ ಕಬ್ಬಿಣ ಕೈ ಸುಡುತ್ತದೆ, ಮರವನ್ನು ಮುಟ್ಟಬಹುದು.

ಹಾಗಾದರೆ ಎಲ್ಲರಿಗೂ ಒಂದೇ ಉತ್ತರ ಕೊಡುವ ಸಾಕ್ಷಿ ಬೇಕು. ಇಲ್ಲಿ ಥರ್ಮಾಮೀಟರನ್ನು ಕೈಗೆ ಕೊಡುವ ಬದಲು ಮಕ್ಕಳಿಂದಲೇ ಒಂದನ್ನು ಮಾಡಿಸುವುದು ಒಳ್ಳೆಯದು. ಅರ್ಧ ಲೀಟರಿನ ಗಾಜಿನ ಬಾಟಲಿಗೆ ಬಣ್ಣ ಬೆರೆಸಿದ ನೀರನ್ನು ಕತ್ತಿನ ತನಕ ತುಂಬಿ, ಒಂದು ಸ್ಟ್ರಾ ಇಳಿಬಿಟ್ಟು, ಬಾಯಿಯನ್ನು ಜೇಡಿಮಣ್ಣಿನಿಂದ ಗಾಳಿ ಆಡದಂತೆ ಮೆತ್ತಿ. ಸ್ಟ್ರಾನಲ್ಲಿ ನೀರು ಎರಡು ಬೆರಳಿನಷ್ಟು ಮೇಲೆ ನಿಂತಿರಲಿ. ಆಮೇಲೆ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ.

ಸೂಕ್ಷ್ಮವಾಗಿ ನೋಡುವ ಮಗು ಮೊದಲು ಗಾಬರಿಯಾಗುತ್ತದೆ. ನೀರು ಏರುವ ಬದಲು ಒಂದು ಕ್ಷಣ ಕೂದಲೆಳೆಯಷ್ಟು ಇಳಿಯುವುದುಂಟು. ಬಿಸಿ ಮೊದಲು ತಾಕುವುದು ಗಾಜಿಗೆ. ಗಾಜು ಹಿಗ್ಗಿ ಬಾಟಲಿ ಚೂರು ದೊಡ್ಡದಾಗುತ್ತದೆ, ನೀರಿಗೆ ಇನ್ನೂ ಸುದ್ದಿ ಮುಟ್ಟಿರುವುದಿಲ್ಲ. ಆಮೇಲೆ ನೀರೂ ಕಾದು ಹಿಗ್ಗಿ ಸ್ಟ್ರಾನಲ್ಲಿ ಏರತೊಡಗುತ್ತದೆ. ಎಷ್ಟು? 20 ಡಿಗ್ರಿಯ ಅರ್ಧ ಲೀಟರ್ ನೀರು 40 ಡಿಗ್ರಿಗೆ ಕಾದರೆ ಹಿಗ್ಗುವುದು ಬರೀ 3 ಮಿಲಿಲೀಟರ್. ಅಗಲವಾದ ಪಾತ್ರೆಯಲ್ಲಾದರೆ ಅದು ಕಣ್ಣಿಗೇ ಬೀಳುವುದಿಲ್ಲ. ಅದೇ 3 ಮಿಲಿಲೀಟರನ್ನು 6 ಮಿಲಿಮೀಟರ್ ಅಗಲದ ಸ್ಟ್ರಾನೊಳಗೆ ತೂರಿಸಿದರೆ ಸುಮಾರು 10 ಸೆಂಟಿಮೀಟರ್ ಏರುತ್ತದೆ. ಥರ್ಮಾಮೀಟರಿನ ಬುಡದಲ್ಲಿ ಉಬ್ಬಿದ ಬುರುಡೆ, ಮೇಲೆ ಕೂದಲಿನಷ್ಟು ಸಣ್ಣ ಕೊಳವೆ ಇರುವುದು ಯಾಕೆ ಎಂದು ಇನ್ನು ಬೇರೆ ಹೇಳಬೇಕಿಲ್ಲ.

ಈ ಬಾಟಲಿಯಲ್ಲಿ ಹಳೆಯ ಕಾಲದ ದೋಷವೊಂದಿದೆ, ಅದನ್ನು ಮುಚ್ಚಿಡಬೇಡಿ. ಸ್ಟ್ರಾನ ಮೇಲ್ಬಾಯಿ ತೆರೆದಿದೆ. ಬಾಟಲಿಯ ಕತ್ತಿನಲ್ಲಿ ಚೂರು ಗಾಳಿ ಉಳಿದಿದ್ದರೂ ಹೊರಗಿನ ವಾಯುಒತ್ತಡ ಬದಲಾದಂತೆ ಸ್ಟ್ರಾನ ನೀರಿನ ಮಟ್ಟವೂ ಬದಲಾಗುತ್ತದೆ. ಬಿಸಿ ಬದಲಾಗದಿದ್ದರೂ ಗುರುತು ಬದಲಾಗುತ್ತದೆ. ಗೆಲಿಲಿಯೋ 16ನೇ ಶತಮಾನದ ಕೊನೆಯ ಹೊತ್ತಿಗೆ ಆಡಿಸಿದ್ದೂ ಇಂಥದೇ ತೆರೆದ ಉಪಕರಣ. ಇಟಲಿಯ ವೈದ್ಯ ಸ್ಯಾಂಟೋರಿಯೋ 1612ರ ಸುಮಾರಿಗೆ ಅದಕ್ಕೆ ಗೆರೆಗಳನ್ನು ಸೇರಿಸಿ ರೋಗಿಗಳ ಮೈಬಿಸಿ ನೋಡಲು ಹೊರಟ. ಕೊಳವೆಯ ಬಾಯಿಯನ್ನು ಮುಚ್ಚಿ, ಒಳಗೆ ಆಲ್ಕೋಹಾಲ್ ತುಂಬಿದ ಥರ್ಮಾಮೀಟರು ಬಂದದ್ದು 17ನೇ ಶತಮಾನದ ನಡುವಿನಲ್ಲಿ, ಟಸ್ಕನಿಯ ದೊರೆ ಎರಡನೇ ಫರ್ಡಿನಾಂಡೋನ ಆಸಕ್ತಿಯಿಂದ. ಮುಚ್ಚಿದ ಮೇಲೆ ವಾಯುಒತ್ತಡದ ಕಾಟ ತಪ್ಪಿತು.

ನೀರನ್ನೇ ಯಾಕೆ ಬಿಟ್ಟರು? ನೀರು ವಿಚಿತ್ರ ದ್ರವ. 0ಯಿಂದ 4 ಡಿಗ್ರಿ ತನಕ ಕಾಯಿಸಿದರೆ ಹಿಗ್ಗುವ ಬದಲು ಕುಗ್ಗುತ್ತದೆ, ಆಮೇಲೆ ಹಿಗ್ಗುತ್ತದೆ. ಅಂದರೆ ನೀರಿನ ಥರ್ಮಾಮೀಟರಿನಲ್ಲಿ 2 ಡಿಗ್ರಿಗೂ 6 ಡಿಗ್ರಿಗೂ ಹೆಚ್ಚುಕಡಿಮೆ ಒಂದೇ ಗುರುತು. ಇನ್ನೂ ತಣ್ಣಗಾದರೆ ಹೆಪ್ಪುಗಟ್ಟಿ ಗಾಜನ್ನೇ ಒಡೆಯುತ್ತದೆ. ಪಾದರಸ ಹೆಪ್ಪುಗಟ್ಟುವುದು ಮೈನಸ್ 39 ಡಿಗ್ರಿಯ ಹತ್ತಿರ, ಕುದಿಯುವುದು ಸುಮಾರು 357 ಡಿಗ್ರಿಯಲ್ಲಿ. ಆಲ್ಕೋಹಾಲ್ ಮೈನಸ್ 114ರ ತನಕ ದ್ರವವಾಗಿಯೇ ಇರುತ್ತದೆ, ಆದರೆ 78ಕ್ಕೇ ಕುದಿಯುತ್ತದೆ. ಕೊರೆಯುವ ಚಳಿಗೆ ಆಲ್ಕೋಹಾಲ್, ಹೆಚ್ಚಿನ ಬಿಸಿಗೆ ಪಾದರಸ ಎಂದು ಹಂಚಿಕೊಂಡದ್ದು ಹೀಗೆ. ಪಾದರಸ ವಿಷ, ಹಾಗಾಗಿ ಅದರ ಥರ್ಮಾಮೀಟರುಗಳು ಈಗ ಹಿಂದೆ ಸರಿಯುತ್ತಿವೆ. ಮಕ್ಕಳ ಕೈಗೆ ಕೊಡುವುದು ಕೆಂಪು ಆಲ್ಕೋಹಾಲಿನದೋ ಡಿಜಿಟಲ್ಲೋ ಆಗಿರಲಿ.

ಈಗ ಗೆರೆ ಎಳೆಯುವ ಕೆಲಸ. ನನಗೆ ತುಂಬ ಇಷ್ಟವಾದ ಭಾಗ ಇದು. ಇಬ್ಬರು ಮಕ್ಕಳಿಗೆ ಒಂದೊಂದು ಬಾಟಲಿ ಕೊಟ್ಟು, ಅವರವರ ಡಿಗ್ರಿಯನ್ನು ಅವರೇ ಮಾಡಿಕೊಳ್ಳಲಿ ಎಂದು ಬಿಟ್ಟುಬಿಡಬೇಕು. ಒಬ್ಬ ಸ್ಟ್ರಾಗೆ ಅಂಟಿಸಿದ ಕಾಗದದ ಮೇಲೆ ಬೆರಳ ಅಗಲಕ್ಕೊಂದು ಗೆರೆ ಹಾಕುತ್ತಾನೆ, ಇನ್ನೊಬ್ಬಳು ಅಕ್ಕಿಕಾಳಿನ ಅಗಲಕ್ಕೊಂದು. ಅವನ ಕೋಣೆ 3 ಡಿಗ್ರಿ, ಇವಳ ಕೋಣೆ 11 ಡಿಗ್ರಿ, ಕೋಣೆಯೋ ಒಂದೇ. ಐದು ನಿಮಿಷದಲ್ಲಿ ಜಗಳ ಶುರು. 18ನೇ ಶತಮಾನದ ಯುರೋಪಿನಲ್ಲೂ ಇದೇ ಆಗಿತ್ತು. ಹತ್ತಾರು ಅಳತೆಪಟ್ಟಿಗಳಿದ್ದವು, ಒಬ್ಬರ ಅಂಕಿ ಇನ್ನೊಬ್ಬರಿಗೆ ಪ್ರಯೋಜನಕ್ಕಿರಲಿಲ್ಲ.

ಜಗಳ ಬಿಡಿಸಲು ಇಬ್ಬರೂ ಒಪ್ಪುವ ಎರಡು ಗುರುತುಗಳು ಬೇಕು. ಯಾರು ಮಾಡಿದರೂ ಬದಲಾಗದಂಥವು. ಮಕ್ಕಳನ್ನೇ ಕೇಳಿ. "ಬಿಸಿಲು", "ನನ್ನ ಮೈ" ಎಂದೆಲ್ಲ ಹೇಳುತ್ತಾರೆ. ಬಿಸಿಲು ದಿನಕ್ಕೊಂದು ಥರ, ಮೈಯೂ ಅಷ್ಟೆ. ಅವರು ತಪ್ಪಿದ ಕಡೆಯೇ ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ ಕೂಡ ಎಡವಿದ್ದ ಎಂದು ಹೇಳಿದರೆ ಖುಷಿಪಡುತ್ತಾರೆ. 1714ರ ಹೊತ್ತಿಗೆ ಒಳ್ಳೆಯ ಪಾದರಸದ ಥರ್ಮಾಮೀಟರ್ ಮಾಡಿದ ಆತ, 1724ರಲ್ಲಿ ತನ್ನ ಅಳತೆಯನ್ನು ಪ್ರಕಟಿಸಿದ. ಐಸು, ನೀರು, ನವಸಾಗರ ಎಂಬ ಲವಣ ಬೆರೆಸಿದ ಮಿಶ್ರಣಕ್ಕೆ 0, ಐಸು ನೀರು ಮಾತ್ರ ಇದ್ದರೆ 32, ಆರೋಗ್ಯವಂತ ಮನುಷ್ಯನ ಮೈಗೆ 96. ವಿಚಿತ್ರ ಅಂಕಿಗಳು ಅನ್ನಿಸುತ್ತವೆ. ಆದರೆ 32ರಿಂದ 96ಕ್ಕೆ 64 ಮನೆ. ಅರ್ಧ, ಅರ್ಧದರ್ಧ ಎಂದು ಆರು ಸಲ ಮಡಚುತ್ತಾ ಹೋದರೆ ಸರಿಯಾಗಿ ಒಂದು ಮನೆ ಸಿಗುತ್ತದೆ. ಕಾಗದದ ಪಟ್ಟಿ ಕೊಟ್ಟು ಮಡಚಿಸಿ ನೋಡಿ. ಗೆರೆ ಎಳೆಯುವವನಿಗೆ ಇದಕ್ಕಿಂತ ಸುಲಭದ ದಾರಿಯಿಲ್ಲ.

ಸ್ವೀಡನ್ನಿನ ಖಗೋಳಜ್ಞ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ಮೈಯ ಸಹವಾಸ ಬಿಟ್ಟು ನೀರನ್ನೇ ಹಿಡಿದ. ಹೆಪ್ಪುಗಟ್ಟುವ ಗುರುತು ಒಂದು, ಕುದಿಯುವ ಗುರುತು ಇನ್ನೊಂದು, ನಡುವೆ 100 ಭಾಗ. ತಮಾಷೆ ಏನೆಂದರೆ ಆತ ಕುದಿಯುವ ನೀರಿಗೆ 0, ಹೆಪ್ಪುಗಟ್ಟುವುದಕ್ಕೆ 100 ಕೊಟ್ಟಿದ್ದ. ಬಿಸಿ ಹೆಚ್ಚಾದಂತೆ ಅಂಕಿ ಇಳಿಯುತ್ತಿತ್ತು. 1744ರಲ್ಲಿ ಆತ ತೀರಿಕೊಂಡ ಮೇಲೆ ಅದನ್ನು ತಲೆಕೆಳಗು ಮಾಡಿದರು, ನಾವು ಬಳಸುವುದು ಆ ತಿರುಗಿಸಿದ ಪಟ್ಟಿಯನ್ನು. ನೀರು ಕುದಿಯುವ ಗುರುತು ವಾಯುಒತ್ತಡವನ್ನು ಅವಲಂಬಿಸಿದೆ ಎಂಬುದನ್ನು ಸೆಲ್ಸಿಯಸ್ ಚೆನ್ನಾಗಿ ಬಲ್ಲ. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು, ಸುಮಾರು 300 ಮೀಟರ್ ಮೇಲೇರಿದರೆ ಒಂದು ಡಿಗ್ರಿ ಮೊದಲೇ ಕುದಿಯುತ್ತದೆ. ಎವರೆಸ್ಟಿನ ತುದಿಯಲ್ಲಿ 70 ಡಿಗ್ರಿಯ ಆಸುಪಾಸು.

ಐಸಿನ ಗುರುತು ಅಷ್ಟು ಗಟ್ಟಿ ಯಾಕೆ ಎಂಬುದನ್ನು ಕಣ್ಣಾರೆ ನೋಡಬಹುದು. ಲೋಟದಲ್ಲಿ ಪುಡಿ ಐಸು, ಸ್ವಲ್ಪ ನೀರು, ಒಳಗೊಂದು ಥರ್ಮಾಮೀಟರು. ಎರಡೆರಡು ನಿಮಿಷಕ್ಕೊಮ್ಮೆ ಕಲಕಿ ಓದಿ ಬರೆಯಲು ಮಗುವಿಗೆ ಹೇಳಿ. 0, 0, 0, ಮತ್ತೆ 0. ಸುತ್ತಲಿನ ಗಾಳಿಯಿಂದ ಶಾಖ ಒಳಗೆ ಹೋಗುತ್ತಲೇ ಇದೆ, ಐಸು ಕರಗುತ್ತಲೇ ಇದೆ, ಅಂಕಿ ಮಾತ್ರ ಮಿಸುಕದು. ಬೇಸರಪಟ್ಟು ಮಗು ಎದ್ದು ಹೋಗುವ ಹೊತ್ತಿಗೆ ಕೊನೆಯ ಚೂರು ಕರಗಿ ಅಂಕಿ ಏರಲು ಶುರುವಾಗುತ್ತದೆ. ಅಷ್ಟು ಹೊತ್ತೂ ಬಂದ ಶಾಖವೆಲ್ಲ ಎಲ್ಲಿ ಹೋಯಿತು? ಐಸನ್ನು ನೀರು ಮಾಡುವುದರಲ್ಲೇ ಖರ್ಚಾಯಿತು. ಶಾಖ ಬೇರೆ, ತಾಪಮಾನ ಬೇರೆ ಎಂಬ ಮಾತನ್ನು ಬಾಯಲ್ಲಿ ನೂರು ಸಲ ಹೇಳುವುದಕ್ಕಿಂತ ಆ ಸೊನ್ನೆಗಳ ಸಾಲು ಮೇಲು.

ಇದೇ ಗೊಂದಲಕ್ಕೆ ಇನ್ನೊಂದು ಪ್ರಶ್ನೆ. 20 ಡಿಗ್ರಿಯ ಒಂದು ಲೋಟ ನೀರಿಗೆ 20 ಡಿಗ್ರಿಯ ಇನ್ನೊಂದು ಲೋಟ ನೀರು ಸುರಿದರೆ ಎಷ್ಟಾಗುತ್ತದೆ? ಕೂಡುವ ಲೆಕ್ಕ ಹೊಸದಾಗಿ ಕಲಿತವರು ಥಟ್ಟನೆ "40" ಅನ್ನುತ್ತಾರೆ. ನಗಬೇಡಿ, ಅಳೆಯಲು ಹೇಳಿ. 60 ಮತ್ತು 20 ಸೇರಿಸಿದರೂ 80 ಆಗುವುದಿಲ್ಲ, 40ರ ಹತ್ತಿರ ನಿಲ್ಲುತ್ತದೆ. ಲೀಟರು, ಕಿಲೋ, ಮೀಟರುಗಳನ್ನು ಕೂಡಿಸಿ ರೂಢಿಯಾದ ಮಗುವಿಗೆ ಕೂಡಿಸಲು ಬಾರದ ಅಳತೆ ಸಿಗುವುದು ಹೆಚ್ಚಾಗಿ ಇಲ್ಲೇ ಮೊದಲು. ವಸ್ತುವಿನೊಳಗಿನ ಕಣಗಳು ಸದಾ ಅಲುಗಾಡುತ್ತಿರುತ್ತವೆ. ತಾಪಮಾನ ಅಂದರೆ ಆ ಓಡಾಟ ಸರಾಸರಿ ಎಷ್ಟು ಜೋರಾಗಿದೆ ಎಂಬುದರ ಅಳತೆ. ಒಟ್ಟು ಎಷ್ಟು ಕಣಗಳಿವೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಸಾಣೆ ಹಿಡಿಯುವಾಗ ಹಾರುವ ಕಿಡಿ ಕೆಂಡದಷ್ಟು ಬಿಸಿ, ಆದರೂ ಕೈಮೇಲೆ ಬಿದ್ದರೆ ಚುರ್ ಎಂದು ಮುಗಿಯುತ್ತದೆ. ಅಷ್ಟು ಬಿಸಿಯೇ ಇಲ್ಲದ ಒಂದು ಬಕೆಟ್ ಕುದಿನೀರು ಬಿದ್ದರೆ ಆಸ್ಪತ್ರೆಯೇ ಗತಿ. ಕಿಡಿಯಲ್ಲಿ ತಾಪಮಾನ ಹೆಚ್ಚು, ಬಕೆಟ್ಟಿನಲ್ಲಿ ಶಾಖ ಹೆಚ್ಚು.

ಥರ್ಮಾಮೀಟರ್ ಬಗ್ಗೆ ದೊಡ್ಡವರೂ ಮರೆಯುವ ಸಂಗತಿಯೊಂದಿದೆ: ಅದಕ್ಕೆ ಗೊತ್ತಿರುವುದು ತನ್ನ ತಾಪಮಾನ ಮಾತ್ರ. ನೀರಿನಲ್ಲಿಟ್ಟರೆ ನೀರಿನ ತಾಪಮಾನ ಹೇಳುತ್ತದೆ ಎಂದು ನಾವು ನಂಬುತ್ತೇವೆ. ನಿಜವಾಗಿ ಅದು ನೀರಿನಷ್ಟೇ ಬಿಸಿಯಾಗುವ ತನಕ ಕಾದು, ಆಮೇಲೆ ತನ್ನದನ್ನು ತಾನು ಹೇಳಿಕೊಳ್ಳುತ್ತದೆ. ನಾಲಿಗೆಯಡಿ ಇಟ್ಟುಕೊಂಡು ಸುಮ್ಮನಿರು ಎಂದು ಮಗುವಿಗೆ ಹೇಳುವುದು ಅದಕ್ಕೇ. 1860ರ ದಶಕದ ತನಕ ವೈದ್ಯರ ಥರ್ಮಾಮೀಟರು ಒಂದು ಅಡಿಯಷ್ಟು ಉದ್ದವಿರುತ್ತಿತ್ತು, ಇಪ್ಪತ್ತು ನಿಮಿಷ ಹಿಡಿದು ಕೂರಬೇಕಿತ್ತು. ಇಂಗ್ಲೆಂಡಿನ ವೈದ್ಯ ಥಾಮಸ್ ಕ್ಲಿಫರ್ಡ್ ಆಲ್ಬಟ್ ಅದನ್ನು ಆರು ಇಂಚಿಗೆ ಇಳಿಸಿ ಐದು ನಿಮಿಷದ ಕೆಲಸ ಮಾಡಿದ. ಚಿಕ್ಕದಾದಷ್ಟೂ ಅದು ಬೇಗ ನಮ್ಮ ಮೈಯ ಬಿಸಿಗೆ ಹೊಂದಿಕೊಳ್ಳುತ್ತದೆ. ದೊಡ್ಡ ಥರ್ಮಾಮೀಟರನ್ನು ಒಂದು ಚಮಚ ಬಿಸಿನೀರಿಗೆ ಅದ್ದಿದರೆ ಇನ್ನೊಂದು ಪೇಚು. ಥರ್ಮಾಮೀಟರೇ ಆ ಶಾಖವನ್ನು ಕುಡಿದು ನೀರನ್ನು ತಣ್ಣಗೆ ಮಾಡಿಬಿಡುತ್ತದೆ. ಅಳೆಯಲು ಹೋದದ್ದನ್ನೇ ಬದಲಾಯಿಸಿದ ಹಾಗೆ.

ಈ ಒಂದು ಮಾತು ಗಟ್ಟಿಯಾದರೆ ಬೇರೆ ಹಲವು ಒಗಟುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಹವಾಮಾನ ಇಲಾಖೆಯವರು ಥರ್ಮಾಮೀಟರನ್ನು ಬಿಳಿ ಬಣ್ಣದ, ಗಾಳಿಯಾಡುವ ಪಟ್ಟಿಗಳ ಪೆಟ್ಟಿಗೆಯಲ್ಲಿ ನೆಲದಿಂದ ಒಂದೂಕಾಲು ಮೀಟರಿಗೂ ಮೇಲೆ ಇಡುತ್ತಾರೆ. ಬಿಸಿಲಿಗೆ ಒಡ್ಡಿದರೆ ಅದು ಕಾದು ತನ್ನದೇ ಬಿಸಿ ಹೇಳುತ್ತದೆ, ಗಾಳಿಯದನ್ನಲ್ಲ. "ಬಿಸಿಲಲ್ಲಿ ಇಟ್ಟು ನೋಡಿದೆ, 50 ತೋರಿಸಿತು" ಎನ್ನುವವರಿಗೆ ಕೊಡಬೇಕಾದ ಉತ್ತರವೂ ಇದೇ.

ಸ್ವೆಟರು ಬಿಸಿ ಕೊಡುತ್ತದೆ ಎಂದು ಬಹುತೇಕ ಎಲ್ಲ ಮಕ್ಕಳೂ ನಂಬಿರುತ್ತಾರೆ. ಹಾಕಿಕೊಂಡರೆ ಬೆಚ್ಚಗಾಗುತ್ತದಲ್ಲ! ಹಾಗಿದ್ದರೆ ಥರ್ಮಾಮೀಟರಿಗೇ ಸ್ವೆಟರು ಸುತ್ತಿಟ್ಟು ಬೆಳಗ್ಗೆ ನೋಡಿ ಎನ್ನಿ. ಕೋಣೆ ಎಷ್ಟೋ ಸ್ವೆಟರೊಳಗೂ ಅಷ್ಟೇ. ಹುಡುಗನೊಬ್ಬ ಇದನ್ನು ಒಪ್ಪದೆ, ಒಂದು ಸ್ವೆಟರು ಸಾಲದೆಂದು ಮೂರು ಸುತ್ತಿ, ಮೇಲೊಂದು ಕಂಬಳಿಯನ್ನೂ ಹೊದಿಸಿದ. ಅಂಕಿ ಏರಲಿಲ್ಲ. ಆಮೇಲೆ ಅವನೇ ಕೇಳಿದ: "ಹಂಗಾದ್ರೆ ಐಸನ್ನ ಸುತ್ತಿಟ್ರೆ?" ಅದು ಬೇಗ ಕರಗುತ್ತದೆ ಎಂಬುದು ಅವನ ಊಹೆ. ಸುತ್ತಿಟ್ಟ ಐಸು ಬಯಲಲ್ಲಿಟ್ಟದ್ದಕ್ಕಿಂತ ಎಷ್ಟೋ ಹೊತ್ತು ಉಳಿಯಿತು. ಸ್ವೆಟರಿಗೆ ಬಿಸಿ ಕೊಡಲು ಬಾರದು, ಶಾಖದ ಓಡಾಟಕ್ಕೆ ಅಡ್ಡ ನಿಲ್ಲುವುದಷ್ಟೇ ಬರುತ್ತದೆ.

ಫ್ಯಾನಿನದೂ ಇಂಥದೇ ಕಥೆ. ಒಣ ಥರ್ಮಾಮೀಟರಿಗೆ ಫ್ಯಾನು ತಿರುಗಿಸಿದರೆ ಅಂಕಿ ಇಳಿಯುವುದಿಲ್ಲ. ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಮತ್ತೆ ಫ್ಯಾನು ಹಾಕಿ, ಕಣ್ಣೆದುರೇ ಇಳಿಯುತ್ತದೆ. ನೀರು ಆವಿಯಾಗುತ್ತಾ ಶಾಖ ಒಯ್ಯುತ್ತದೆ. ಫ್ಯಾನಿನ ಕೆಳಗೆ ನಮಗೆ ತಂಪೆನಿಸುವುದರಲ್ಲಿ ಬೆವರಿನ ಪಾಲೇ ದೊಡ್ಡದು.

ಜ್ವರದ ಅಂಕಿಯ ಬಗ್ಗೆ ಎರಡು ಮಾತು. 98.6 ಎಂಬ ನಿಖರ ಕಾಣುವ ಸಂಖ್ಯೆ ಬಂದದ್ದು 37 ಡಿಗ್ರಿ ಸೆಲ್ಸಿಯಸ್ ಎಂಬ ದುಂಡಗಿನ ಸಂಖ್ಯೆಯನ್ನು ಫ್ಯಾರನ್‌ಹೀಟಿಗೆ ತಿರುಗಿಸಿದಾಗ. ಜರ್ಮನಿಯ ವೈದ್ಯ ಕಾರ್ಲ್ ವುಂಡರ್‌ಲಿಶ್ ಸಾವಿರಾರು ರೋಗಿಗಳ ಕಂಕುಳಲ್ಲಿ ಅಳೆದು 1868ರಲ್ಲಿ 37ನ್ನು ಹೇಳಿದ. ಆರೋಗ್ಯವಂತ ಮಗುವಿನ ಮೈಬಿಸಿ ಬೆಳಗಿನ ಜಾವ ಕಡಿಮೆ, ಸಂಜೆ ಹೆಚ್ಚು, ಬಾಯಲ್ಲಿ ಒಂದು, ಕಂಕುಳಲ್ಲಿ ಇನ್ನೊಂದು. 98.8 ಬಂತೆಂದು ಗಾಬರಿ ಬೀಳುವುದರಲ್ಲಿ ಅರ್ಥವಿಲ್ಲ.

ಪರಿವರ್ತನೆಯ ಲೆಕ್ಕವನ್ನೂ ಇಲ್ಲೇ ಮುಗಿಸಿಬಿಡಬಹುದು. ಐಸಿನಿಂದ ಕುದಿಯುವ ತನಕ ಸೆಲ್ಸಿಯಸ್ಸಿನಲ್ಲಿ 100 ಮೆಟ್ಟಿಲು, ಫ್ಯಾರನ್‌ಹೀಟಿನಲ್ಲಿ 32ರಿಂದ 212ಕ್ಕೆ 180 ಮೆಟ್ಟಿಲು. ಹಾಗಾಗಿ ಸೆಲ್ಸಿಯಸ್ಸಿನ ಒಂದು ಮೆಟ್ಟಿಲು ಫ್ಯಾರನ್‌ಹೀಟಿನ 1.8. 1.8ರಿಂದ ಗುಣಿಸಿ 32 ಸೇರಿಸು, ಅಷ್ಟೇ. ಎರಡೂ ಪಟ್ಟಿಗಳು ಒಂದೇ ಅಂಕಿ ತೋರಿಸುವ ಜಾಗ ಹುಡುಕಲು ದೊಡ್ಡ ಮಕ್ಕಳಿಗೆ ಬಿಡಿ, ಮೈನಸ್ 40ಕ್ಕೆ ಬಂದು ತಲುಪುತ್ತಾರೆ.

"20 ಡಿಗ್ರಿ 10ರ ಎರಡರಷ್ಟು ಬಿಸಿಯಾ?" ಎಂದು ಕೇಳುವ ಮಗು ಸಿಕ್ಕರೆ ನಿಮ್ಮ ಪುಣ್ಯ. ಅಲ್ಲ. ಸೆಲ್ಸಿಯಸ್ಸಿನ ಸೊನ್ನೆ ನಾವೇ ಐಸಿಗೆ ಅಂಟಿಸಿದ ಚೀಟಿ, ಅಲ್ಲಿ ಶಾಖವೇ ಇಲ್ಲ ಎಂದಲ್ಲ. ನಿಜವಾದ ಸೊನ್ನೆ ಮೈನಸ್ 273.15 ಡಿಗ್ರಿಯಲ್ಲಿದೆ, ಅದಕ್ಕಿಂತ ತಣ್ಣಗೆ ಯಾವುದೂ ಹೋಗಲಾರದು. ವಿಲಿಯಂ ಥಾಮ್ಸನ್, ಅಂದರೆ ಆಮೇಲೆ ಲಾರ್ಡ್ ಕೆಲ್ವಿನ್ ಆದವನು, 1848ರಲ್ಲಿ ಇಂಥ ಸೊನ್ನೆಯಿಂದ ಎಣಿಸುವ ಪಟ್ಟಿಯ ಪ್ರಸ್ತಾಪ ಇಟ್ಟ. ಅದರಲ್ಲಿ 10 ಡಿಗ್ರಿ ಸೆಲ್ಸಿಯಸ್ ಎಂದರೆ ಸುಮಾರು 283, 20 ಎಂದರೆ 293. ವ್ಯತ್ಯಾಸ ನೂರಕ್ಕೆ ನಾಲ್ಕೂ ಇಲ್ಲ.

ಕೊನೆಗೆ ಬರುವ ಪ್ರಶ್ನೆ ಸಾಮಾನ್ಯವಾಗಿ ಇದು: ಸೂರ್ಯನ ಮೇಲ್ಮೈ 5,500 ಡಿಗ್ರಿ ಅನ್ನುತ್ತಾರಲ್ಲ, ಯಾರು ಥರ್ಮಾಮೀಟರ್ ಇಟ್ಟು ಬಂದರು? ಯಾರೂ ಇಲ್ಲ. ಕಾದ ವಸ್ತುಗಳೆಲ್ಲ ತಮ್ಮ ತಾಪಮಾನಕ್ಕೆ ತಕ್ಕ ಬೆಳಕು ಸೂಸುತ್ತವೆ. ಕಾಯುತ್ತಿರುವ ಕಬ್ಬಿಣ ಮೊದಲು ಕೆಂಪು, ಆಮೇಲೆ ಕಿತ್ತಳೆ, ಹಳದಿ. ಸೂರ್ಯನ ಬೆಳಕನ್ನು ಬಿಡಿಸಿ ನೋಡಿ ಅದರ ಬಿಸಿ ಲೆಕ್ಕ ಹಾಕುತ್ತಾರೆ. ನಮ್ಮ ಮೈಯೂ ಬೆಳಕು ಸೂಸುತ್ತದೆ, ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಹಣೆಗೆ ಹಿಡಿಯುವ ಗನ್ನು ಅಳೆಯುವುದು ಅದನ್ನೇ.

ಅದೇ ಜಾತಿಯ, ಯಂತ್ರಗಳ ಬಿಸಿ ನೋಡುವ ಗನ್ನೊಂದನ್ನು ಒಮ್ಮೆ ಆ ಉಗುರಿನ ಹುಡುಗಿಯ ಕೈಗೆ ಕೊಟ್ಟೆ. ಕಿಟಕಿಯಾಚೆಯ ಮರಕ್ಕೆ ಗುರಿಯಿಟ್ಟಳು, ಬಂದದ್ದು ಕಿಟಕಿ ಗಾಜಿನ ತಾಪಮಾನ, ಏಕೆಂದರೆ ಅವಕೆಂಪು ಬೆಳಕಿಗೆ ಗಾಜು ಗೋಡೆಯಿದ್ದಂತೆ. ಆಮೇಲೆ ಬಿಸಿನೀರು ತುಂಬಿದ ಫಳಫಳ ಹೊಳೆಯುವ ಸ್ಟೀಲ್ ಲೋಟಕ್ಕೆ ಹಿಡಿದಳು. ಮುಟ್ಟಲಾಗದಷ್ಟು ಬಿಸಿಯಿದ್ದ ಲೋಟಕ್ಕೆ ಗನ್ನು ತೋರಿಸಿದ್ದು ಕೋಣೆಗಿಂತ ಸ್ವಲ್ಪವೇ ಹೆಚ್ಚು. "ಇದೂ ಸುಳ್ಳು ಹೇಳುತ್ತೆ!" ಅಂದಳು. ಹೊಳೆಯುವ ಲೋಹ ತನ್ನ ಬೆಳಕನ್ನು ಸರಿಯಾಗಿ ಸೂಸುವುದಿಲ್ಲ, ಸುತ್ತಲಿನ ಗೋಡೆಯದನ್ನೇ ಕನ್ನಡಿಯಂತೆ ತಿರುಗಿಸಿ ಕಳಿಸುತ್ತದೆ. ಲೋಟದ ಮೇಲೆ ಒಂದಿಷ್ಟು ಕಪ್ಪು ಟೇಪು ಅಂಟಿಸಿ, ಈಗ ಅದಕ್ಕೆ ಹಿಡಿ ಎಂದೆ. ಅಂಕಿ ಒಂದೇ ನೆಗೆತಕ್ಕೆ ಮೇಲೇರಿತು. ಅವಳು ಟೇಪಿನ ಮೇಲೊಮ್ಮೆ, ಪಕ್ಕದ ಸ್ಟೀಲಿನ ಮೇಲೊಮ್ಮೆ ಗನ್ನನ್ನು ಆಡಿಸುತ್ತಾ, ನೀರು ಆರುವ ತನಕ ಅಲ್ಲಿಂದ ಏಳಲಿಲ್ಲ.